ಆರು ಹಲ್ಲಿನ ಪಿನಿಯನ್

ಉಮಾಶಂಕರ ತೀರಿಕೊಂಡಾಗ ಅವನ ಗಾಡಿ ದೊಡ್ಡಬಳ್ಳಾಪುರದ ಅಪ್ಪಯ್ಯಣ್ಣನ ಗ್ಯಾರೇಜಿನಲ್ಲಿ ಹೊಟ್ಟೆ ಬಿಚ್ಚಿಕೊಂಡು ನಿಂತಿತ್ತು. ಹಿಂದುಗಡೆ ಕ್ರೇನು ಕೂರಿಸಿದ ಹಳೇ ಡೀಸೆಲ್ ಗಾಡಿ ಅದು. ದಾರಿಯಲ್ಲಿ ಕೆಟ್ಟು ನಿಂತ ಲಾರಿ, ಹಳ್ಳಕ್ಕೆ ಮಗುಚಿದ ಟಿಪ್ಪರು, ಕೆರೆಯ ಹೂಳಿನಲ್ಲಿ ಸಿಕ್ಕಿಕೊಂಡ ಟ್ರ್ಯಾಕ್ಟರು, ಯಾವುದಾದರೂ ಸರಿ, ಎಳೆದು ತರುವುದೇ ಅದರ ಕಸುಬು. ಎಳೆದು ಎಳೆದೇ ಹಿಂದಿನ ಚಕ್ರಗಳ ನಡುವಿನ ಹೌಸಿಂಗಿನೊಳಗೆ ಕ್ರೌನಿನ ಹಲ್ಲು ಉದುರಿದ್ದವು. ಕ್ರೌನು, ಪಿನಿಯನ್ನು ಎರಡನ್ನೂ ಹೊಸ ಜೋಡಿ ಹಾಕಬೇಕಿತ್ತು. ಎಂಥ ಜೋಡಿ ಅಂತ ಹೇಳಬೇಕಾದವನು ಮಧ್ಯಾಹ್ನ ಮನೆಗೆ ಬಂದ, ಮುದ್ದೆ ಉಂಡ, ಸ್ವಲ್ಪ ಹೊತ್ತು ಅಡ್ಡಾಗುತ್ತೀನಿ ಅಂತ ಮಲಗಿದ. ಸಂಜೆ ಏಳಲಿಲ್ಲ. ಕಾಯಿಲೆ ಇಲ್ಲ, ಕಸಾಲೆ ಇಲ್ಲ, ಅಷ್ಟೇ.

ಹಾಲು-ತುಪ್ಪ ಆಯಿತು, ತಿಥಿ ಆಯಿತು. ಅವನಿಗೆ ಇಷ್ಟ ಅಂತ ಎಡೆಗೆ ಕೋಳಿ ಸಾರು, ಒಂದು ಕಟ್ಟು ಬೀಡಿ, ಗರಿಗರಿ ನಿಪ್ಪಟ್ಟು ಇಟ್ಟರು. ಹೆಂಡತಿ ಶಾಮಲಾ ಹೇಳಿದ್ದನ್ನೆಲ್ಲ ಮಾಡಿದಳು. ಬಳೆ ತೆಗೆ ಅಂದಾಗ ಕೈ ಚಾಚಿದಳು, ಏಳು ಅಂದಾಗ ಎದ್ದಳು. ದೊಡ್ಡಬೆಳವಂಗಲದ ಕಡೆಯಿಂದ ಬಂದಿದ್ದ ನೆಂಟರ ಹೆಂಗಸರು ಈಗ ಅಳುತ್ತಾಳೆ, ಆಗ ಅಳುತ್ತಾಳೆ ಅಂತ ಸೆರಗು ಹಿಡಿದು ಕಾದರು. ಅತ್ತೆ ಆದಿಲಕ್ಷ್ಮಮ್ಮ ತಾನೇ ಅತ್ತು ಅತ್ತು ದನಿ ಬಿದ್ದುಹೋಗಿದ್ದರೂ ಸೊಸೆಯ ಬೆನ್ನು ಸವರಿ, "ಅತ್ಬುಡೇ ನನ್ನವ್ವಾ, ಒಳಗಿಟ್ಕೋಬೇಡ" ಅಂದಳು.

"ಆಯ್ತು ಅತ್ತೆ," ಅಂದಳು ಶಾಮಲಾ. ಅಳಲಿಲ್ಲ.

ಒಳಗಿದ್ದರೆ ತಾನೇ ಇಟ್ಟುಕೊಳ್ಳುವ ಮಾತು. ಹಲ್ಲು ಕೀಳುವ ಮುಂಚೆ ಡಾಕ್ಟರು ಸೂಜಿ ಚುಚ್ಚಿದಾಗ ತುಟಿ ಹೇಗಿರುತ್ತದೆ? ಮುಟ್ಟಿದರೆ ಇದೆ, ಆದರೆ ತನ್ನದಲ್ಲ. ಅವಳಿಗೆ ಮೈಯೆಲ್ಲ ಹಾಗಿತ್ತು. ಗೋಡೆಗೆ ಒರಗಿ ಕೂತರೆ ಕೂತಳು. ಯಾರಾದರೂ ತಟ್ಟೆ ಮುಂದಿಟ್ಟರೆ ಉಂಡಳು. ಸಾರಿಗೆ ಉಪ್ಪು ಹಾಕುವುದನ್ನು ಅತ್ತೆ ಮರೆತ ದಿನವೂ ಉಂಡಳು.

ಅವಳಾಗಿ ಅವಳು ಏಳುತ್ತಿದ್ದುದು ಒಂದೇ ಒಂದಕ್ಕೆ, ಗಂಡನ ಮೊಬೈಲಿಗೆ. ಅದು ಬಡಿದುಕೊಂಡರೆ ಸಾಕು, ಎಲ್ಲಿದ್ದರೂ ಎದ್ದು ಹೋಗಿ ಎತ್ತುತ್ತಿದ್ದಳು.

"ಉಮಣ್ಣಾ, ತೂಬಗೆರೆ ಹತ್ರ ಆಕ್ಸಲ್ ಕಟ್ಟಾಗಿ ನಿಂತಿವ್ನಿ ಕಣಣ್ಣೋ!"

"ಗಾಡಿ ಗ್ಯಾರೇಜಲ್ಲಿದೆ."

"ಅಯ್ಯೋ! ಯಾವಾಗ ಈಚೆಗ್ಬತ್ತದಮ್ಮಾ?"

"ಬರ್ತದೆ. ಲೋಡಿದೆಯಾ, ಖಾಲಿನಾ?"

ಆ ಕೊನೆಯ ಪ್ರಶ್ನೆ ಉಮಾಶಂಕರನದು. ಇಷ್ಟು ವರ್ಷ ಪಕ್ಕದಲ್ಲಿ ಕೇಳಿಸಿಕೊಂಡದ್ದು ತಾನಾಗೇ ಬಾಯಿಗೆ ಬರುತ್ತಿತ್ತು. ಫೋನು ಮಾಡಿದವರ ಉತ್ತರವೂ ಒಂದೇ: ಲೋಡಿದೆ ಕಣಮ್ಮ, ಸೈಜುಗಲ್ಲು, ಲೋಡಿದೆ, ಸಿಮೆಂಟು, ಲೋಡಿದೆ, ಜಲ್ಲಿ. ಅವನು ಸತ್ತ ಅಂತ ಮಾತ್ರ ಅವಳು ಯಾರಿಗೂ ಹೇಳಲಿಲ್ಲ. ಮುಚ್ಚಿಡಬೇಕು ಅಂತಲ್ಲ. ಗಾಡಿ ಗ್ಯಾರೇಜಲ್ಲಿದೆ ಅಂದರೆ ಅವರ ಮಾತು ಅಲ್ಲಿಗೆ ಮುಗಿಯುತ್ತಿತ್ತು.

ತಿಥಿಯಾದ ವಾರಕ್ಕೆ ಅಪ್ಪಯ್ಯಣ್ಣ ಹೇಳಿಕಳಿಸಿದ, ಜಾಗ ಬೇಕು, ಏನಾದರೂ ಒಂದು ತೀರ್ಮಾನ ಮಾಡಿ ಅಂತ. ಮೈದುನ ಅನಿಲ್‌ಕುಮಾರ ಅತ್ತಿಗೆಯನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋದ. ಏರ್‌ಪೋರ್ಟು ಶುರುವಾದ ವರ್ಷ ಅದು. ಅನಿಲ ಅಲ್ಲೇ ಒಬ್ಬ ಕಂತ್ರಾಟುದಾರನ ಹತ್ತಿರ ಸೂಪರ್‌ವೈಸರು. ಕೊರಳಲ್ಲಿ ಸದಾ ಪಟ್ಟಿ, ಪಟ್ಟಿಯ ತುದಿಗೆ ಅವನದೇ ಫೋಟೋ. ಒಳ್ಳೆಯ ಹುಡುಗ. ಅಣ್ಣ ಹೋದ ಮೇಲೆ ಮನೆಗೆ ತರಕಾರಿ ಸಮೇತ ತರುತ್ತಿದ್ದ. ಗ್ಯಾರೇಜಿನಲ್ಲಿ ಡ್ರೈವರು ಪಿಳ್ಳಪ್ಪ ಆಗಲೇ ಕಾದಿದ್ದ. ಉಮಾಶಂಕರನಿಗಿಂತ ಹತ್ತು ವರ್ಷ ದೊಡ್ಡವನು. ಗಾಡಿ ಬಂದ ದಿನದಿಂದ ಅದರ ಸ್ಟೇರಿಂಗು ಬಿಟ್ಟು ಬೇರೆ ಸ್ಟೇರಿಂಗು ಹಿಡಿದವನಲ್ಲ.

ಗೋಣಿತಾಟಿನ ಮೇಲೆ ಎರಡು ಜೋಡಿ ಇಟ್ಟಿದ್ದ ಅಪ್ಪಯ್ಯಣ್ಣ. ಬೋಗುಣಿಯಷ್ಟಗಲ ಹಲ್ಲಿನ ಚಕ್ರ, ಅದೇ ಕ್ರೌನು. ಅದನ್ನು ತಿರುಗಿಸುವ ಮೂತಿ ಚೂಪಾದ ಚಿಕ್ಕದು, ಪಿನಿಯನ್ನು.

"ನೋಡಮ್ಮಾ, ಎರಡು ಕ್ರೌನಿಗೂ ನಲವತ್ತೊಂದೇ ಹಲ್ಲು. ವ್ಯತ್ಯಾಸ ಇರಾದು ಪಿನಿಯನ್ನಲ್ಲಿ. ಇದಕ್ಕೆ ಆರು, ಇದಕ್ಕೆ ಏಳು. ಆರು ಹಾಕುದ್ರೆ ಚಕ್ರ ಒಂದು ಸುತ್ತು ಸುತ್ತಾಕೆ ಶಾಫ್ಟು ಹತ್ತತ್ರ ಏಳು ಸುತ್ತು ಸುತ್ತಬೇಕು. ಗಾಡಿ ಓಡಲ್ಲ, ಆದ್ರೆ ಏನ್ ಕಟ್ಟಿದ್ರೂ ಎಳೀತದೆ. ಏಳು ಹಾಕುದ್ರೆ ಆರು ಸುತ್ತಿಗೆ ಮುಗೀತು. ಚೆನ್ನಾಗಿ ಓಡ್ತದೆ, ಡೀಸೆಲ್ಲೂ ಕಮ್ಮಿ ಕುಡೀತದೆ, ಏರಲ್ಲಿ ಮಾತ್ರ ಉಸುರುಬುಡ್ತದೆ. ಆರು ಅಂದ್ರೆ ಎತ್ತು, ಏಳು ಅಂದ್ರೆ ಕುದ್ರೆ ಅನ್ಕೋ."

"ಕುದ್ರೆ ಹಾಕ್ಸಿ ಅಪ್ಪಯ್ಯಣ್ಣ," ಅಂದ ಅನಿಲ. "ಏರ್‌ಪೋರ್ಟ್ ರೋಡಲ್ಲಿ ಒಂದು ಕಂಪನಿಯವ್ರು ಗಾಡಿ ಕೇಳ್ತಾವ್ರೆ. ಕೆಟ್ಟು ನಿಂತಿರೋ ಗಾಡಿ ಹತ್ರ ಅರ್ಧ ಗಂಟೇಲಿರಬೇಕು, ಅದೊಂದೇ ಕಂಡೀಷನ್ನು. ರೋಡು ನೋಡಿದ್ರೆ ಕ್ಯಾರಂ ಬೋರ್ಡಿದ್ದಂಗೈತೆ. ಅಣ್ಣನೂ ಅದನ್ನೇ ಹೇಳಿದ್ದ, ಏಳು ಹಾಕ್ಸಾಣ ಅಂತ."

ಪಿಳ್ಳಪ್ಪ ಬೀಡಿ ಆರಿಸಿದ. "ಯಾರತ್ರ ಹೇಳಿದ್ರಪ್ಪಾ?"

"ನನ್ನತ್ರ."

"ನನ್ನತ್ರ ಆರು ಅಂದ್ರಲ್ಲ! ಇದೇ ಜಾಗದಲ್ಲಿ, ಇದೇ ಟೈರ್ ಮ್ಯಾಲೆ ಕೂತ್ಕಂಡು. ಕುದ್ರೆಗೆ ಕಲ್ಲಿನ ಲಾರಿ ಕಟ್ಟಕ್ಕಾಯ್ತದಾ?"

"ಪಿಳ್ಳಪ್ಪಣ್ಣ, ಸುಳ್ಳು ಯಾಕೆ ಹೇಳ್ತೀರಾ?"

"ಸುಳ್ಳು ಹೇಳಿದ್ರೆ ಈ ಬಾಯ್ಗೆ ಹುಳ ಬೀಳ್ಲಿ!"

ಇಬ್ಬರೂ ಅಪ್ಪಯ್ಯಣ್ಣನ ಕಡೆ ತಿರುಗಿದರು. ಅವನು ಕೈಯ ಗ್ರೀಸನ್ನು ಹತ್ತಿಯಲ್ಲಿ ಒರೆಸಿಕೊಳ್ಳುತ್ತ, "ನಾನೂ ಕೇಳ್ದೆ, ಯಾವ್ದು ಹಾಕ್ಲಿ ಉಮಣ್ಣ ಅಂತ. 'ಆಯ್ತು ಬುಡಣ್ಣ' ಅಂದ್ರು," ಅಂದ.

ಶಾಮಲಾಗೆ ಆಶ್ಚರ್ಯವಾಗಲಿಲ್ಲ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಗಂಡನ ರೀತಿಯೇ ಹಾಗೆ. ಯಾರ ಮುಂದೆ ಕೂತರೆ ಅವರ ಮಾತಿಗೆ ಹೂಂ ಅನ್ನುವುದು, ಆಯ್ತು ಬಿಡಪ್ಪಾ ಅಂತ ಹೆಗಲು ತಟ್ಟುವುದು, ಆಮೇಲೆ ಒಬ್ಬನೇ ಕೂತು ತನಗೆ ತೋಚಿದ್ದು ಮಾಡುವುದು. ಹದಿನಾರು ವರ್ಷ ನೋಡಿದ್ದಳು. ಈ ಸಲ ಒಬ್ಬನೇ ಕೂರುವಷ್ಟು ಹೊತ್ತು ಅವನಿಗೆ ಸಿಗಲಿಲ್ಲ.

"ಗಾಡಿ ಈಗ ನಿಮ್ಮ ಹೆಸರಿಗೆ ಬತ್ತದೆ. ನೀವೇ ಹೇಳಿ ಶಾಮ್ಲಮ್ಮ," ಅಂದ ಪಿಳ್ಳಪ್ಪ.

ಅವಳು ಎರಡು ಪಿನಿಯನ್ನನ್ನೂ ನೋಡಿದಳು. ಎರಡೂ ಒಂದೇ ಥರ ಕಂಡವು. "ನನಗೆ ಗೊತ್ತಾಗ್ತಿಲ್ಲ," ಅಂದಳು. ಅದು ನಿಜ.

ಸರಿ, ಇದು ಮನುಷ್ಯರಿಗೆ ಬಗೆಹರಿಯುವ ವಿಚಾರವಲ್ಲ ಅಂತ ಆದಿಲಕ್ಷ್ಮಮ್ಮ ತೀರ್ಮಾನಿಸಿದಳು. ಹೆಣ್ಣು ಕೊಡುವುದಿರಲಿ, ಬೋರು ಕೊರೆಸುವುದಿರಲಿ, ಆ ಊರಿನಲ್ಲಿ ಊರದೇವತೆ ಮುತ್ಯಾಲಮ್ಮನ ಹತ್ತಿರ ಹೂ ಕೇಳದೆ ಮಾಡಿದವರಿಲ್ಲ. ಒದ್ದೆ ಹೂವನ್ನು ಅಮ್ಮನ ಮೈಗೆ ಅಂಟಿಸುತ್ತಾರೆ. ಕೇಳುವವರು ಮನಸಿನಲ್ಲಿ ಕೇಳಿಕೊಳ್ಳಬೇಕು. ಬಲಗಡೆ ಬಿದ್ದರೆ ಆಗಲಿ ಅಂತ, ಎಡಗಡೆ ಬಿದ್ದರೆ ಬೇಡ ಅಂತ.

ಶುಕ್ರವಾರ ಬೆಳಿಗ್ಗೆ ಹೋದರು. ಗಂಡ ಸತ್ತು ಇನ್ನೂ ವರ್ಷ ತುಂಬದವಳು ಒಳಗೆ ಬರುವಂತಿಲ್ಲ ಅಂತ ಶಾಮಲಾ ಹೊರಗೆ ಬೇವಿನ ಕಟ್ಟೆಯ ಹತ್ತಿರ ನಿಂತಳು. ಅತ್ತೆಯೂ ಜೊತೆಗೆ ನಿಂತಳು. ಅನಿಲ, ಪಿಳ್ಳಪ್ಪ ಒಳಗೆ ಹೋಗಿ ಕೈಮುಗಿದು ಕಣ್ಣು ಮುಚ್ಚಿದರು. ಪೂಜಾರಿ ಗಂಟೆ ಬಾರಿಸುತ್ತಲೇ ಇದ್ದ. ಹೂ ಬೀಳಲೊಲ್ಲದು. "ಕೊಡವ್ವಾ, ಸತಾಯಿಸಬ್ಯಾಡ, ಎಳೇ ಹೆಂಗಸು ಈಚೆ ನಿಂತವ್ಳೆ" ಅಂತ ಆದಿಲಕ್ಷ್ಮಮ್ಮ ಹೊರಗಿನಿಂದಲೇ ಗದರಿದಳು. ಇದ್ದಕ್ಕಿದ್ದ ಹಾಗೆ ಒಳಗೆ ಇಬ್ಬರೂ ಒಟ್ಟಿಗೇ ಕೂಗಿದರು:

"ಬಲಗಡೆ! ಬಲಗಡೆ ಕೊಟ್ಲು!"

ಇಬ್ಬರೂ ಹಲ್ಲು ಕಿರಿಯುತ್ತ ಈಚೆಗೆ ಬಂದರು. ಅನಿಲ ಪಿಳ್ಳಪ್ಪನ ಕೈ ಹಿಡಿದು ಕುಲುಕಿದ. "ಸದ್ಯ, ನೀವೂ ಒಪ್ಕೊಂಡ್ರಲ್ಲ ಪಿಳ್ಳಪ್ಪಣ್ಣ."

"ನಾನೇನಪ್ಪಾ ಒಪ್ಪೋದು, ನೀನು ಒಪ್ಕಂಡೆ. ಸಂತೋಸ. ನಾಳೆನೇ ಆರು ಹಾಕ್ಸುಬುಡಾಣ."

"ಆರಾ? ಏಳು! ಏಳು ಹಾಕ್ಸೋದಾದ್ರೆ ಬಲಗಡೆ ಕೊಡು ಅಂತ ಕೇಳ್ಕೊಂಡೆ ನಾನು."

"ಆರು ಹಾಕ್ಸೋದಾದ್ರೆ ಬಲಗಡೆ ಕೊಡು ಅಂತ ನಾನು ಕೇಳ್ಕಂಡಿವ್ನಿ ಕಣೋ!"

ಪೂಜಾರಿ ಬಾಗಿಲಲ್ಲಿ ನಿಂತು ತಲೆ ಚಚ್ಚಿಕೊಂಡ. "ಇಬ್ರೂ ಒಂದೇ ಕೇಳ್ತೀರಾ ಅನ್ಕೊಂಡೆನಲ್ರಯ್ಯಾ! ಒಂದು ಹೂವಲ್ಲಿ ಆಯಮ್ಮ ಎಷ್ಟು ಜನಕ್ಕೆ ಉತ್ರ ಹೇಳಾಳು?" ಇನ್ನೊಂದು ಸಲ ಕೇಳೋಣ ಅಂದರೆ ಅದಕ್ಕೂ ಒಪ್ಪಲಿಲ್ಲ. ಕೊಟ್ಟ ಹೂವನ್ನು ಅನುಮಾನಿಸಿದರೆ ಅಮ್ಮನಿಗೆ ಸಿಟ್ಟು ಬರುತ್ತದಂತೆ.

ಬೇರೆ ದಿನವಾಗಿದ್ದರೆ ಶಾಮಲಾ ನಕ್ಕು ನಕ್ಕು ಸೆರಗು ಬಾಯಿಗೆ ಇಟ್ಟುಕೊಳ್ಳುತ್ತಿದ್ದಳು. ಇದು ನಗುವ ವಿಷಯ ಅನ್ನುವುದು ತಿಳಿಯಿತು, ನಗು ಮಾತ್ರ ಬರಲಿಲ್ಲ.

ಕಟ್ಟೆಯ ಮೇಲೆ ಕೂತು ಮತ್ತೆ ಶುರುಮಾಡಿದರು. ಅನಿಲ ದನಿ ಇಳಿಸಿ ಹೇಳಿದ, "ಅತ್ತಿಗೆ, ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು. ಏಳು ಹಾಕ್ಸಿ ಕಂಪನಿಗೆ ಬಿಟ್ರೆ ನಿಮಗೆ ತಲೆನೋವೇ ಇರಲ್ಲ. ಗಾಡಿ ಅಲ್ಲೇ ದೇವನಹಳ್ಳೀಲಿ ನಿಲ್ಲುತ್ತೆ. ಡ್ರೈವರ್ ಅವರೇ ಕೊಡ್ತಾರೆ. ಫೋನೂ ಅವರ ಆಫೀಸಿಗೇ ಹೋಗುತ್ತೆ. ಅಣ್ಣನ ಈ ನಂಬರನ್ನ ಬಂದ್ ಮಾಡಿಸ್ಬಿಡೋಣ. ಒಬ್ರೂ ಫೋನ್ ಮಾಡಲ್ಲ, ಆರಾಮಾಗಿ ಮನೇಲಿರ್ಬೋದು."

ಒಬ್ರೂ ಫೋನ್ ಮಾಡಲ್ಲ. ಶಾಮಲಾ ಆ ಮನೆಯನ್ನು ನೆನೆದುಕೊಂಡಳು. ಗೋಡೆ, ಅವಳು, ತಟ್ಟೆ. ಬೆಳಿಗ್ಗೆಯಿಂದ ಸಂಜೆಯ ತನಕ ಏಳುವುದಕ್ಕೆ ಏನೂ ಇಲ್ಲ. ಅವಳಿಗೆ ಭಯವಾಗಲಿಲ್ಲ, ದುಃಖವಾಗಲಿಲ್ಲ. ಹಾಗೆ ಕೂತರೆ ತಾನು ಇನ್ನು ಏಳುವುದಿಲ್ಲ ಅನ್ನುವುದು ಲೆಕ್ಕದ ಉತ್ತರದ ಹಾಗೆ ಗೊತ್ತಾಯಿತು, ಅಷ್ಟೆ.

"ಆರು ಹಾಕ್ಸಿ," ಅಂದಳು.

"ಅತ್ತಿಗೆ..."

"ಫೋನ್ ಮಾಡೋರೆಲ್ಲ ಲೋಡಿರೋರೇ ಅನಿಲಾ. ಖಾಲಿ ಗಾಡಿಯೋರು ಒಬ್ರೂ ಮಾಡಿಲ್ಲ."

ಹೇಳಬಹುದಾದ ಕಾರಣ ಅದು. ಇನ್ನೊಂದನ್ನು ಹೇಳುವುದು ಹೇಗೆ ಅಂತ ಅವಳಿಗೂ ಗೊತ್ತಿರಲಿಲ್ಲ. ಅನಿಲನ ಮುಖ ಕೆಂಪಾಯಿತು. "ಕಂಪನಿಯವ್ರಿಗೆ ಮಾತು ಕೊಟ್ಟುಬಿಟ್ಟಿದ್ದೆ. ಆಯ್ತು. ಹಂಗಾದ್ರೆ ನೀವೇ ನೋಡ್ಕೊಳಿ. ಅರ್ಧ ರಾತ್ರೀಲಿ ಲಾರಿಯೋರು ಕುಡ್ಕೊಂಡು ಫೋನ್ ಮಾಡಿದ್ರೆ ನನ್ನ ಎಬ್ಬಿಸ್ಬೇಡಿ," ಅಂತ ಬೈಕ್ ಹತ್ತಿ ಹೋದ. ಆದಿಲಕ್ಷ್ಮಮ್ಮ, ಸೊಸೆ ತಾನಾಗಿ ಒಂದು ಮಾತು ಆಡಿದಳಲ್ಲ ಅಂತ ಅವಳ ಮುಖವನ್ನೇ ನೋಡುತ್ತ ನಿಂತಳು.

ಆರು ಹಾಕಿಸಿಕೊಂಡು ಗಾಡಿ ಗ್ಯಾರೇಜಿನಿಂದ ಈಚೆಗೆ ಬಂದ ಮಾರನೇ ದಿನವೇ ಮಾಕಳಿದುರ್ಗದ ಏರಿನಿಂದ ಫೋನು ಬಂತು. ಹಿಂದೂಪುರದ ಕಡೆಯಿಂದ ಕಡಪ ಕಲ್ಲು ತುಂಬಿಕೊಂಡು ಬರುತ್ತಿದ್ದ ಲಾರಿ ಅರ್ಧ ಏರಿನಲ್ಲಿ ಗೇರ್‌ಬಾಕ್ಸ್ ಒಡೆದು ನಿಂತಿತ್ತು. ಶಾಮಲಾ ತಾನೂ ಬರುತ್ತೀನಿ ಅಂದಳು. ಪಿಳ್ಳಪ್ಪ ಸೀಟಿನ ಮೇಲೆ ಟವೆಲು ಹಾಸಿದ.

ಲಾರಿಯ ಮೂತಿಯನ್ನು ಕ್ರೇನಿಗೆ ಎತ್ತಿ ಕಟ್ಟಿದ್ದಾಯಿತು. ಲಾರಿಯ ಡ್ರೈವರೂ ಕ್ಯಾಬಿನ್ನಿಗೆ ಹತ್ತಿ ಶಾಮಲಾಳ ಆಚೆ ಬದಿಗೆ ಕೂತ. ಪಿಳ್ಳಪ್ಪ ಒಂದನೇ ಗೇರು ಹಾಕಿ, "ಅವ್ವಾ ಮುತ್ಯಾಲಮ್ಮ" ಅಂತ ಕ್ಲಚ್ಚು ಬಿಟ್ಟ. ಇಂಜಿನ್ನು ಗುರುಗುಟ್ಟಿತು. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಗಾಡಿ, ಹಿಂದಿನ ಕಲ್ಲಿನ ಸಮೇತ, ಯಾವ ಅವಸರವೂ ಇಲ್ಲದೆ ಏರು ಹತ್ತತೊಡಗಿತು. ಪಕ್ಕದಲ್ಲಿ ಮೇಕೆ ಹೊಡೆದುಕೊಂಡು ಹೋಗುತ್ತಿದ್ದ ಮುದುಕಿ ಇವರಿಗಿಂತ ಮುಂದೆ ಹೋದಳು.

"ನೋಡಿದ್ರಾ, ನೋಡಿದ್ರಾ!" ಅಂದ ಪಿಳ್ಳಪ್ಪ. "ಏಳು ಹಾಕ್ಸಿದ್ರೆ ಇಷ್ಟೊತ್ಗೆ ಹಿಂದುಕ್ ಜಾರ್ತಿದ್ವಿ."

ಡ್ರೈವರು ಬಗ್ಗಿ ಶಾಮಲಾಳ ಮುಖ ನೋಡಿದ. "ಉಮನ್ನ ರಾಲೇದಾ ಅಮ್ಮಾ? ಬರ್ಲಿಲ್ವಾ?"

ಗಾಡಿ ಗ್ಯಾರೇಜಲ್ಲಿದೆ ಅನ್ನುವಂತಿರಲಿಲ್ಲ. ಗಾಡಿ ಇಲ್ಲೇ ಇತ್ತು, ಅವಳು ಅದರೊಳಗೇ ಕೂತಿದ್ದಳು. ಏರು ಇನ್ನೂ ತುಂಬ ಉಳಿದಿತ್ತು.

"ಅವ್ರು ತೀರ್ಕೊಂಡ್ರು," ಅಂದಳು. ಮಾತು ಬಾಯಿಂದ ಹೊರಗೆ ಬಿತ್ತು, ಬೇರೆ ಯಾರದೋ ಸುದ್ದಿಯ ಹಾಗೆ.

ಡ್ರೈವರು ತಲೆಯ ಟವೆಲು ತೆಗೆದು ತೊಡೆಯ ಮೇಲಿಟ್ಟುಕೊಂಡ. "ಅಯ್ಯೋ ದೇವುಡಾ," ಅಂದ. "ಹೋದ ವರ್ಷ ಇದೇ ಘಾಟಲ್ಲಿ ನನ್ನ ಎಳ್ಕೊಂಡೋದ್ರಮ್ಮಾ. ದಾರಿಯೆಲ್ಲ ನನ್ನ ಸಂಸಾರದ ಗೋಳು ಹೇಳ್ಕೊಂಡೆ. ಎಲ್ಲದಕ್ಕೂ ಆಯ್ತು ಬಿಡಪ್ಪಾ, ಆಯ್ತು ಬಿಡಪ್ಪಾ ಅಂದ್ರು. ಇಳಿಯೋವಾಗ ಮನಸ್ಸು ಹಗುರಾಯ್ತು ನಂಗೆ," ಅಂದ.

ಶಾಮಲಾ ತಲೆಯಾಡಿಸಿದಳು. ಪಿಳ್ಳಪ್ಪ ರಸ್ತೆಯನ್ನೇ ನೋಡುತ್ತ ಮೂಗು ಒರೆಸಿಕೊಂಡ. ಹಿಂದೆ ಸಾಲುಗಟ್ಟಿದ್ದ ಬಸ್ಸು ಕಾರುಗಳು ಹಾರನ್ನು ಒತ್ತಿ ಒತ್ತಿ, ತಿರುವು ಸಿಕ್ಕಿದ ಕೂಡಲೇ ಒಂದೊಂದಾಗಿ ಬೈದುಕೊಂಡು ಮುಂದೆ ಹೋದವು.

ಏರು ಮುಗಿದು ರಸ್ತೆ ಸಪಾಟಾಯಿತು. ಪಿಳ್ಳಪ್ಪ ಗೇರು ಬದಲಾಯಿಸಿದ, ಮತ್ತೆ ಬದಲಾಯಿಸಿದ. ಇಂಜಿನ್ನು ಕಿರುಚಾಡಿದ್ದಷ್ಟೇ ಬಂತು, ಗಾಡಿ ಹೆಚ್ಚೇನೂ ಓಡಲಿಲ್ಲ. ಮೂರು ಜನ ಕೂತ ಒಂದು ಮೊಪೆಡ್ಡು ಆರಾಮಾಗಿ ಪಕ್ಕದಲ್ಲಿ ದಾಟಿಕೊಂಡು ಹೋಯಿತು.

"ಇಷ್ಟೇನಾ ಓಡೋದು?" ಅಂತ ಕೇಳಿದಳು ಶಾಮಲಾ.

"ಖಾಲಿ ಇದ್ರೆ ಇನ್ನೊಂಚೂರು. ಅದಕ್ಕಿಂತ ಇಲ್ಲ ಕಣಮ್ಮ," ಅಂದ ಪಿಳ್ಳಪ್ಪ, ತನ್ನದೇ ತಪ್ಪು ಅನ್ನುವ ಹಾಗೆ. "ಆರು ಅಂದ್ರೆ ಇಷ್ಟೇ."

"ಸರಿ," ಅಂದಳು.

ದೊಡ್ಡಬಳ್ಳಾಪುರ ಇನ್ನೂ ದೂರವಿತ್ತು. ಕಾಲಡಿಯ ತಗಡು ಬಿಸಿಯಾಗಿ ಚಪ್ಪಲಿಯೊಳಗಿನ ಅಂಗಾಲು ಸುಡುತ್ತಿತ್ತು. ಎಷ್ಟು ಹೊತ್ತಿನಿಂದ ಸುಡುತ್ತಿತ್ತೋ, ಅವಳಿಗೆ ತಿಳಿದದ್ದು ಈಗ. ಕಾಲು ಎತ್ತಿ ಪಕ್ಕಕ್ಕಿಟ್ಟಳು.