ಉಜ್ಜಿದ ಬಿಲ್ಲೆ

ವಾರವೆಲ್ಲ ಊರವರ ತಲೆಯ ಮೇಲೆ ಕೈಯಾಡಿಸುವ ಕ್ಷೌರಿಕ, ಅಂಗಡಿಗೆ ರಜೆ ಬಂದರೆ ಸಾಕು, ಲೋಹ ಪತ್ತೆ ಮಾಡುವ ಯಂತ್ರವನ್ನು ಹೆಗಲಿಗೇರಿಸಿ ಯಾರದೋ ಹೊಲಕ್ಕೆ ಹೊರಟುಬಿಡುತ್ತಿದ್ದ. ಹೊಲದವರ ಒಪ್ಪಿಗೆ ಪಡೆದೇ ಹೋಗುತ್ತಿದ್ದ, ಅದರಲ್ಲಿ ಕಳ್ಳಾಟವಿಲ್ಲ. ಹುಡುಕುತ್ತಿದ್ದುದು ಹಳೆಯ ಕಾಲದ ವಸ್ತುಗಳನ್ನು. ಮನೆಗೆ ತರುತ್ತಿದ್ದುದು ಮಾತ್ರ ತುಕ್ಕು ಹಿಡಿದ ಮೊಳೆ, ಮುರಿದ ಲಾಳ, ಬಾಟಲಿ ಮುಚ್ಚಳ.

ಈ ಹುಚ್ಚನ್ನು ಹೆಂಡತಿ ಸಹಿಸಿಕೊಂಡಿದ್ದಳು. ಜೊತೆಗಿದ್ದ ಅತ್ತೆ ಸಹಿಸುವ ಪೈಕಿಯವರಲ್ಲ.

"ಏನು ಅಳಿಯಂದ್ರೇ, ಇವತ್ತು ಯಾವ ರಾಜನ ಬಾಟ್ಲಿ ಮುಚ್ಚಳ ಸಿಕ್ತು?" ಎಂದು ಬಾಗಿಲಲ್ಲೇ ಕಾಲೆಳೆಯುತ್ತಿದ್ದರು. ಅವನು ಹಲ್ಲು ಕಿರಿದು ಬೂಟು ಬಿಚ್ಚುತ್ತಿದ್ದ.

ಕೊನೆಗೂ ಅದೃಷ್ಟ ಕಣ್ಣು ಬಿಟ್ಟಿತು. ಉತ್ತ ಹೊಲವೊಂದರಲ್ಲಿ ಅಂಗೈಯಗಲದ ಕಂಚಿನ ಬಿಲ್ಲೆ ಸಿಕ್ಕಿತು. ಮೈತುಂಬ ಹಸಿರು ಕಿಲುಬು, ಅಂಚಿನಲ್ಲಿ ಅಕ್ಷರದಂಥ ಗೀರುಗಳು. ಅವನು ಅದನ್ನು ತೊಳೆಯಲೂ ಹೋಗಲಿಲ್ಲ. ಸಿಕ್ಕ ಜಾಗದಲ್ಲಿ ಗುರುತಿಗೆ ಗೂಟ ನೆಟ್ಟು, ಬಿಲ್ಲೆಯನ್ನು ಹತ್ತಿಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟು, ಮ್ಯೂಸಿಯಂಗೆ ಫೋನ್ ಮಾಡಿದ. ಅಲ್ಲಿಯ ಅಧಿಕಾರಿಣಿ ತಾವೇ ಮನೆಗೆ ಬರುತ್ತೇನೆಂದರು. ಆ ಹೊಲದಲ್ಲಿ ಉತ್ಖನನ ಶುರುವಾದರೆ ಅವನನ್ನೂ ಸೇರಿಸಿಕೊಳ್ಳುತ್ತೇನೆಂದರು. ಒಂದು ದಿನವಾದರೂ ಅಂಥ ಗುಂಡಿಯಲ್ಲಿ ಕೂತು ಮಣ್ಣು ಸರಿಸಬೇಕೆಂಬುದು ಅವನ ಬಹುಕಾಲದ ಆಸೆ.

ಅತ್ತೆಗೂ ಉಮೇದು ಬಂತು. ದೊಡ್ಡ ಮನುಷ್ಯರು ಬರುವಾಗ ಅಳಿಯನ ಬಿಲ್ಲೆ ಹಾಗೆ ಕೊಳಕಾಗಿದ್ದರೆ ಚೆಂದವೇ? ಅವನು ಸ್ನಾನಕ್ಕೆ ಹೋದದ್ದೇ ತಡ, ನಿಂಬೆಹಣ್ಣು, ಪಾತ್ರೆ ಉಜ್ಜುವ ಪುಡಿ ಹಿಡಿದು ಕೂತರು. ಅವನು ತಲೆ ಒರೆಸಿಕೊಳ್ಳುತ್ತ ಬರುವಷ್ಟರಲ್ಲಿ ಬಿಲ್ಲೆ ಥಳಥಳ ಅನ್ನುತ್ತಿತ್ತು. ಕಿಲುಬಿನ ಜೊತೆ ಗೀರುಗಳೂ ಹೋಗಿದ್ದವು.

"ನೋಡಿ, ಹೇಗೆ ಹೊಳೀತಿದೆ!"

ಅವನು ಬಿಲ್ಲೆಯನ್ನು ಕೈಗೆತ್ತಿಕೊಂಡು ಅಂಚನ್ನು ತಡವಿದ. ಬೈಯಬೇಕೆನ್ನಿಸಿತು, ಆದರೆ ಈ ತಾಯಿ ಅವನ ಹುಚ್ಚಿಗೆ ಮರ್ಯಾದೆ ಕೊಟ್ಟದ್ದು ಇದೇ ಮೊದಲು.

"ಚೆನ್ನಾಗಿದೆ ಅತ್ತೆ," ಅಂದ.

ಅಧಿಕಾರಿಣಿ ಡಬ್ಬಿ ತೆರೆದವರೇ ಹಣೆ ಚಚ್ಚಿಕೊಂಡರು. "ಅಯ್ಯೋ, ಯಾರ್ರೀ ಇದನ್ನ ಉಜ್ಜಿದ್ದು? ಅಕ್ಷರ ಉಳ್ಕೊಂಡಿದ್ದೇ ಆ ಕಿಲುಬಲ್ಲಿ!"

ನೀರಿನ ಲೋಟ ಹಿಡಿದು ಬರುತ್ತಿದ್ದ ಅತ್ತೆ ನಿಂತಲ್ಲೇ ನಿಂತರು.

"ನಾನೇ ಮೇಡಂ," ಅಂದ ಅಳಿಯ.

"ಇಷ್ಟೂ ಗೊತ್ತಾಗಲ್ವಾ? ನಿಮ್ಮಂಥೋರನ್ನ ಉತ್ಖನನಕ್ಕೆ ಹೇಗೆ ಕರೀಲಿ ಹೇಳಿ."

ಅವನು ತಲೆ ತಗ್ಗಿಸಿದ. ಹೋದ ಅಕ್ಷರ ಮತ್ತೆ ಬರುವಂತಿರಲಿಲ್ಲ, ಇನ್ನು ಮುದುಕಿಯ ಮುಖವನ್ನೂ ಯಾಕೆ ಬಾಡಿಸಬೇಕು? ಅಧಿಕಾರಿಣಿ ನೀರನ್ನೂ ಮುಟ್ಟದೆ ಹೊರಟುಹೋದರು.

ಅತ್ತೆ ಲೋಟವನ್ನು ಕುಕ್ಕಿ ಇಟ್ಟು, ಚಪ್ಪಲಿಯನ್ನೂ ಮೆಟ್ಟದೆ ದಡದಡನೆ ಮೆಟ್ಟಿಲಿಳಿದರು. ಅವನು ಕಿಟಕಿಗೆ ಬಂದು ನೋಡಿದರೆ, ಕೆಳಗೆ ಬೀದಿಯಲ್ಲಿ ಅಧಿಕಾರಿಣಿಯ ಕಾರಿನ ಗಾಜು ಬಡಿಯುತ್ತಿದ್ದರು.

"ಮೇಡಂ, ಉಜ್ಜಿದ್ದು ನಾನು! ಅವರು ಎಳೆ ಮಗು ಥರ ಹತ್ತೀಲಿ ಸುತ್ತಿಟ್ಟಿದ್ರು. ನನ್ನ ಮರ್ಯಾದೆ ಉಳಿಸೋಕೆ ಸುಳ್ಳು ಹೇಳಿದಾರೆ. ನಮ್ಮ ಅಳಿಯಂದಿರಷ್ಟು ನಾಜೂಕು ಕೈ ನಿಮಗೆಲ್ಲೂ ಸಿಗಲ್ಲ. ಊರಿಗೆಲ್ಲ ಕ್ಷೌರ ಮಾಡೋರು ಅವರೇ. ಬೇಕಿದ್ರೆ ಊರವರ ಕಿವಿ ಎಣಿಸಿ, ಒಂದಾದ್ರೂ ಕಮ್ಮಿ ಇದೆಯಾ ನೋಡಿ!"

ಗಾಜು ಇಳಿಯಿತು. ಅಧಿಕಾರಿಣಿ ನಗು ತಡೆಯಲಾರದೆ ಏನೋ ಅಂದರು. ಅತ್ತೆ ಕಿಟಕಿಯತ್ತ ಕತ್ತೆತ್ತಿದರು.

"ಏನು ಹಾಗೆ ನಿಂತಿದ್ದೀರಿ? ಗುಂಡಿ ಅಗೆಯೋಕೆ ಕರೀತಿದಾರೆ, ಬೇಗ ಇಳಿದು ಬನ್ನಿ!"

ಅವನು ಇಳಿಯಲು ಹೊರಟ. ಕಣ್ಣು ಮಂಜಾಗಿ ಮೆಟ್ಟಿಲೇ ಕಾಣಲಿಲ್ಲ.