ಮಾವಿನ ಬಲೆಗೆ ಬೀಳದ ಹಾಗಲದ ನೊಣ

ತಾಯಲೂರಿನ ಹತ್ತಿರ ಮುನಿಶಾಮಿಯವರ ಹಾಗಲಕಾಯಿ ಚಪ್ಪರವನ್ನು ದಾರಿಹೋಕರು ನಿಂತು ನೋಡುತ್ತಿದ್ದರು. ಅಷ್ಟು ಚೆನ್ನಾಗಿ ಹಬ್ಬಿತ್ತು. ಆದರೆ ಒಳಗೆ ಹೋದರೆ ಕತೆಯೇ ಬೇರೆ. ಎಳೆಗಾಯಿಗಳು ಸೊಟ್ಟಗಾಗಿ, ಹೊತ್ತಿಗೆ ಮುಂಚೆ ಹಳದಿ ತಿರುಗಿ ಉದುರುತ್ತಿದ್ದವು. ಮುರಿದರೆ ಒಳಗೆಲ್ಲ ಬಿಳೀ ಹುಳ. ಬಳ್ಳಿ ಬೆಳೆ ಬೆಳೆಯುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆವತ್ತು ಬೆಳಿಗ್ಗೆ ಮುನಿಶಾಮಿಯವರಿಗೆ ತಾಳ್ಮೆ ತಪ್ಪಿತು. ಸ್ಪ್ರೇ ಡಬ್ಬಕ್ಕೆ ನೀರು ತುಂಬಿಸಿ, ಔಷಧಿ ಬಾಟಲಿಯ ಮುಚ್ಚಳ ತಿರುಗಿಸತೊಡಗಿದರು. ಹೆಂಡತಿ ಗಂಗರತ್ನಮ್ಮ ಓಡಿ ಬಂದು ಅಡ್ಡ ನಿಂತರು.

“ಬ್ಯಾಡ ಕಣ್ರೀ! ಗಾಳಿ ನಮ್ಮ ಹಿಪ್ಪುನೇರಳೆ ಕಡೆಗೇ ಬೀಸ್ತಾ ಐತೆ. ರೇಷ್ಮೆ ಹುಳ ಈಗ ತಾನೇ ನಾಲ್ಕನೇ ಜ್ವರ ಎದ್ದು, ಪೊರೆ ಕಳಚಿ ಸೊಪ್ಪು ಮೇಯ್ತಾ ಇವೆ. ಔಷಧಿ ಬಿದ್ದಿರೋ ಸೊಪ್ಪು ಹಾಕಿದ್ರೆ ಅಷ್ಟೂ ಸಾಯ್ತವೆ.”

“ಹೊಡೀದಿದ್ರೆ ಹಾಗಲ ಹೋಯ್ತದೆ ಕಣೇ! ಯಾವ್ದು ಉಳಿಸ್ಲಿ, ನೀನೇ ಹೇಳು.”

ಗಂಗರತ್ನಮ್ಮ ಆಗಲೇ, ಮಹಿಳಾ ಸಂಘದಿಂದ ಬೆಳೆ ಸಲಹೆ ಕೊಡುವ ಕೃಷಿ ಸಖಿ ಅನಿತ ಅವರಿಗೆ ಫೋನ್ ಮಾಡಿದ್ದರು. ಅಷ್ಟರಲ್ಲಿ ಅನಿತ ಸ್ಕೂಟಿ ನಿಲ್ಲಿಸಿ, ಚೀಲ ಹಿಡಿದು ಬದುವಿನ ಮೇಲೆ ಬಂದರು.

“ಭಾವ, ಒಂದ್ನಿಮಿಷ ತಡೀರಿ. ಇದು ಹಣ್ಣು ನೊಣದ ಕೆಲಸ, ನಮ್ಮ ಕಡೆ ಊಜಿ ಅಂತೀವಲ್ಲ, ಅದು. ಕಾಯಿ ಚುಚ್ಚಿ ಒಳಗೆ ಮೊಟ್ಟೆ ಇಡ್ತದೆ. ಒಳಗಿರೋ ಹುಳಕ್ಕೆ ಮೇಲೆ ಹೊಡೆದ ಔಷಧಿ ಎಲ್ಲಿ ತಾಗ್ತದೆ? ಸಾಲ್ದು ಅಂತ ಹೂವಿಗೆ ಬಂದಿರೋ ಜೇನ್ನೊಣ ಸಾಯ್ತವೆ. ಅವು ಬರ್ದಿದ್ರೆ ಕಾಯೇ ಕಟ್ಟಲ್ಲ. ವಾಸನೆಗೆ ನೊಣ ಬಂದು ಬೀಳೋ ಡಬ್ಬಿ, ಮೋಹಕ ಬಲೆ ಕಟ್ಟೋಣ.”

ಮುನಿಶಾಮಿ ನಕ್ಕುಬಿಟ್ಟರು. “ಬಲೇನಾ? ಅಲ್ನೋಡಮ್ಮ, ತೂಗಾಡ್ತಾ ಐತೆ. ಶ್ರೀನಿವಾಸಪುರದಾಗೆ ನಮ್ಮ ಬಾಮೈದ ಮಾವಿನ ತೋಪಿಗೆ ಕಟ್ಟಿದ್ದ, ಡಬ್ಬಿ ತುಂಬ ನೊಣ. ಅದ್ನೇ ಇಸ್ಕೊಂಡು ಬಂದು ಕಟ್ದೆ. ಇಲ್ಲಿ ನೊಣ ತಿರುಗೂ ನೋಡ್ಲಿಲ್ಲ. ಎಲ್ಲಾ ಬುರುಡೆ!”

“ಬಲೆ ಬುರುಡೆ ಅಲ್ಲ ಭಾವ. ನೀವು ಮಾವಿನ ನೊಣ ಕರೆಯೋ ವಾಸನೆ ಇಟ್ಟಿದ್ದೀರ. ಹಾಗಲದ ನೊಣಕ್ಕೆ ಅದು ಬೇಡ. ಅದರ ವಾಸನೆಯೇ ಬೇರೆ.”

ಅನಿತ ಚೀಲದಿಂದ ಇನ್ನೊಂದು ಬಲೆ ತೆಗೆದು ಬಳ್ಳಿಯ ನೆರಳಿಗೆ ಕಟ್ಟಿದರು. “ಇದು ಹಾಗಲ, ಹೀರೆ, ಸೋರೆ, ಕರ್ಬೂಜದ ನೊಣಕ್ಕೆ. ಈಗ ಸುಮ್ನೆ ನೋಡ್ತಿರಿ.”

ಮೂವರೂ ನೋಡುತ್ತ ನಿಂತರು. ಏನೂ ಇಲ್ಲ. ಮುನಿಶಾಮಿ ಕುಹಕವಾಡಲು ಬಾಯಿ ತೆರೆದರು, ಅಷ್ಟರಲ್ಲಿ ಒಂದು ನೊಣ ಬಂತು. ಕಂದು ಮೈ, ಬೆನ್ನ ಮೇಲೆ ಹಳದಿ ಗೆರೆ. ಹಿಂದೆಯೇ ಇನ್ನೊಂದು. ಆಮೇಲೆ ಈ ಎಲೆಯಿಂದ, ಆ ಬಳ್ಳಿಯಿಂದ, ಬದುವಿನಾಚೆಯಿಂದ ಬರುತ್ತಲೇ ಹೋದವು. ಡಬ್ಬಿಯ ಸುತ್ತ ಸುಳಿದು, ತೂತು ಹುಡುಕಿ ಒಳಗೆ ನುಗ್ಗಿದವು. ಒಳಗೆ ಹೋದದ್ದು ಹೊರಗೆ ಬರಲಿಲ್ಲ.

“ಓರಿ ದೇವುಡಾ!” ಎಂದರು ಮುನಿಶಾಮಿ. “ಇಷ್ಟೊಂದು ಇಲ್ಲೇ ಇದ್ವಾ? ನನ್ನ ಕಣ್ಣಿಗೆ ಒಂದೂ ಬಿದ್ದಿರ್ಲಿಲ್ವಲ್ಲ!” ಅವರ ಕೈ ಅವರಿಗೇ ತಿಳಿಯದೆ ಬಾಟಲಿಯ ಮುಚ್ಚಳವನ್ನು ಬಿಗಿ ಮಾಡಿತ್ತು.

ಇದನ್ನು ನೋಡಿದ ಯಾರಿಗಾದರೂ ಮೈ ಜುಮ್ಮೆನ್ನುತ್ತದೆ. ಸಾಸಿವೆ ಕಾಳಿನಷ್ಟು ತಲೆ. ಅದರೊಳಗೆ ತನಗೆ ಬೇಕಾದ ವಾಸನೆ ಯಾವುದು, ಬೇಡವಾದದ್ದು ಯಾವುದು ಎಂಬ ತಿಳಿವಳಿಕೆ. ಯಾರು ಹೇಳಿಕೊಟ್ಟರೋ ಏನೋ!

“ಇಷ್ಟಕ್ಕೇ ಮುಗೀಲಿಲ್ಲ,” ಎಂದರು ಅನಿತ. “ಇದರಲ್ಲಿ ಬೀಳೋದು ಗಂಡು ನೊಣ ಮಾತ್ರ. ಹೆಣ್ಣು ಹೊರಗೇ ಇದ್ದು ಮೊಟ್ಟೆ ಇಡ್ತದೆ. ಉದುರಿದ ಕಾಯಿ ಎಲ್ಲಿ ಹಾಕ್ತೀರಕ್ಕ?”

“ಇಲ್ಲೇ ತಿಪ್ಪೆಗೆ. ಗೊಬ್ಬರ ಆಗ್ಲಿ ಅಂತ.”

ಅನಿತ ತಿಪ್ಪೆಯ ಬಳಿ ಕೂತು ಒಂದು ಕೊಳೆತ ಕಾಯಿ ಮುರಿದರು. ಬಿಳೀ ಹುಳವೊಂದು ಬಾಲವನ್ನು ಬಾಯಿಗೆ ತಂದು ಬಳೆಯಂತೆ ಬಾಗಿತು, ಚಂಗನೆ ನೆಗೆಯಿತು! ಗಂಗರತ್ನಮ್ಮ ಹಿಂದೆ ಸರಿದರು. “ಅಯ್ಯಮ್ಮ! ಕಾಲೇ ಇಲ್ಲ, ಹೆಂಗೆ ನೆಗೀತದೆ?”

ನೋಡನೋಡುತ್ತಲೇ ಅದು ಮಣ್ಣಿಗಿಳಿದು ಮಾಯವಾಯಿತು. ಅನಿತ ಕಡ್ಡಿಯಿಂದ ಮಣ್ಣು ಕೆದಕಿದರು. ಕೆಳಗೆ ಗೋಧಿ ಕಾಳಿನಂಥ ಕಂದು ಗೂಡುಗಳು, ಬೊಗಸೆ ತುಂಬುವಷ್ಟು. ಕೆಲವೇ ದಿನಗಳಲ್ಲಿ ಒಂದೊಂದರಿಂದಲೂ ಒಂದೊಂದು ನೊಣ ಎದ್ದು, ನೇರ ಚಪ್ಪರಕ್ಕೆ ಹಾರುತ್ತದೆ ಎಂದು ಹೇಳಿದರು.

ಗಂಗರತ್ನಮ್ಮ ತಲೆಯ ಮೇಲೆ ಕೈಯಿಟ್ಟುಕೊಂಡರು. “ರೇಷ್ಮೆ ಹುಳ ತಿನ್ನೋ ಊಜಿ ಬೇರೆ, ರೇಷ್ಮೆ ಮನೇಲಿ ಅದರ ಒಂದು ಹುಳ ನೆಲಕ್ಕೆ ಬಿದ್ರೂ ಹುಡುಕಿ ಸೋಪಿನ ನೀರಿಗೆ ಹಾಕ್ತೀನಿ. ಕಿಟಕಿಗೆಲ್ಲ ಪರದೆ ಕಟ್ಟಿದ್ದೀನಿ. ಇಲ್ಲಿ ಹಾಗಲದ ಊಜೀನ ನಾನೇ ಕೈಯಾರ ಸಾಕ್ತಾ ಇದ್ದೀನಲ್ಲೇ ಅನಿತ!”

ಅಂದಿನಿಂದ ಗಂಡ ಹೆಂಡತಿ ದಿನವೂ ಉದುರಿದ ಕಾಯಿ ಆರಿಸಿದರು. ಚುಚ್ಚಿದ ಗುರುತಿದ್ದ ಕಾಯಿಯನ್ನು ಬಳ್ಳಿಯಿಂದಲೇ ಕಿತ್ತರು. ಎಲ್ಲವನ್ನೂ ದಪ್ಪ ಪ್ಲಾಸ್ಟಿಕ್ ಕವರಿಗೆ ತುಂಬಿ, ಬಾಯಿ ಕಟ್ಟಿ ಬಿಸಿಲಿಗಿಟ್ಟರು. ಬುಡದ ಮಣ್ಣು ಕೆದಕಿ ಬಿಸಿಲು ಕಾಣಿಸಿದರು. ಹಾಗಲದ ಬಲೆಗಳನ್ನು ತೋಟದ ಸುತ್ತ ಕಟ್ಟಿದರು. ಮೊದಲ ಕೊಯ್ಲಿನಲ್ಲಿ ಇನ್ನೂ ಹುಳವಿತ್ತು, ಮುನಿಶಾಮಿ ಗೊಣಗಿದರು. ಆಮೇಲಾಮೇಲೆ ನೆಟ್ಟಗಿನ ಹಸಿರು ಕಾಯಿ ಇಳಿಯತೊಡಗಿತು. ಅತ್ತ ರೇಷ್ಮೆ ಹುಳಗಳೂ ಬಿದಿರಿನ ಚಂದ್ರಿಕೆ ತಟ್ಟೆ ಏರಿ ಗೂಡು ಕಟ್ಟಿದವು. ಎರಡೂ ಉಳಿದವು.

ಒಂದು ದಿನ ಪಕ್ಕದ ಹೊಲದ ದೊಡ್ಡವೆಂಕಟಪ್ಪ ಕೊಳೆತ ಹೀರೇಕಾಯಿಯನ್ನು ಬದುವಿನ ಮೇಲೆ ಎಸೆಯುತ್ತಿದ್ದರು. ಮುನಿಶಾಮಿ ಒಂದು ಬಲೆ, ಒಂದು ಕವರ್ ಹಿಡಿದು ಅಲ್ಲಿಗೇ ಹೋದರು. “ಏನ್ಲಾ ವೆಂಕಟಪ್ಪ, ಇಲ್ಲಿ ಕೂತ್ಕೋ. ನಿನ್ಗೊಂದು ಸೋಜಿಗ ತೋರಿಸ್ತೀನಿ.”

ಬಳ್ಳಿ ಬೆಳೆಯುವ ಅಣ್ಣಂದಿರೇ, ಅಕ್ಕಂದಿರೇ, ಹೂ ಬಿಡುವ ಹೊತ್ತಿಗೇ ಬಲೆ ಕಟ್ಟಿ. ಕೊಳ್ಳುವಾಗ ಬೆಳೆಯ ಹೆಸರು ಹೇಳಿ ಕೇಳಿ. ಮಾವಿನದ್ದು ಹಾಗಲಕ್ಕೆ ನಡೆಯದು. ಎಷ್ಟು ಬಲೆ ಬೇಕು, ಅದರೊಳಗಿನ ವಾಸನೆಯ ಬಿಲ್ಲೆ ಯಾವಾಗ ಬದಲಿಸಬೇಕು ಎಂದು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಉದುರಿದ ಕಾಯಿ ತಿಪ್ಪೆಗೂ ಬೇಡ, ಬದುವಿಗೂ ಬೇಡ. ಇಷ್ಟೆಲ್ಲ ಬಲ್ಲ ಆ ನೊಣಕ್ಕೆ ಗೊತ್ತಿಲ್ಲದ್ದು ಒಂದೇ, ಬದು ಯಾರದು ಎಂಬುದು. ಹಾಗಾಗಿ ನಾಳೆ ತೋಟಕ್ಕೆ ಹೋಗುವಾಗ ಪಕ್ಕದ ಹೊಲದವರನ್ನೂ ಕೂಗಿ ಕರೆದುಕೊಳ್ಳಿ.