ನರ್ಸಮ್ಮನ ಶ್ರುತಿ

ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಎನ್ನುತ್ತಾರಲ್ಲ, ಆ ಎಡವಟ್ಟ ನಮ್ಮ ಟೈಲರ್. ಅಂಗಡಿಯ ಹಿಂದಿನ ಕೋಣೆಯಲ್ಲಿ ಇಸ್ತ್ರಿ ಮೇಜನ್ನು ಗೋಡೆಗೆ ಒತ್ತರಿಸಿ, ಭಾನುವಾರ ಮಧ್ಯಾಹ್ನ ಅವನ ಬ್ಯಾಂಡು ಸೇರುತ್ತಿತ್ತು, 'ಸೋಲ್' ಎಂಬ ಅಮೆರಿಕದ ಕರಿಯರ ಸಂಗೀತ ನುಡಿಸಲು. ಕೀಬೋರ್ಡಿಗೆ ನಿವೃತ್ತ ಮೇಷ್ಟ್ರು, ಡ್ರಮ್ಮಿಗೆ ಟೈರ್ ಅಂಗಡಿಯವನು, ಬೇಸ್ ಗಿಟಾರಿಗೆ ತಾನೇ. ಎದೆ ಬಿಚ್ಚಿ ಹಾಡಬೇಕಾದ ಆ ಸಂಗೀತಕ್ಕೆ ದನಿಯಾಗಿದ್ದವಳು ಒಬ್ಬ ನರ್ಸು. ವರ್ಗವಾಗಿ ಹೋಗಿ ಒಂಬತ್ತು ವರ್ಷ. ಅವಳಿಗೆ ಹೇಳಬೇಕೆಂದಿದ್ದ ಮಾತು ಟೈಲರನ ಬಾಯಲ್ಲೇ ಉಳಿಯಿತು.

ಈಗ ಹಾಡುವವಳು ಬಸ್ ಕಂಡಕ್ಟರ್. ತಗ್ಗಿನ, ತುಂಬು ಕಂಠ. ನರ್ಸಮ್ಮನ ಶ್ರುತಿಗೆ ಏರುವಾಗ ಪಾಪ, ಕತ್ತಿನ ನರ ಉಬ್ಬುತ್ತಿತ್ತು. ಇಳಿಸಿ ಎಂದು ಕೇಳಿಕೊಂಡಾಗಲೆಲ್ಲ ಟೈಲರನದು ಒಂದೇ ಉತ್ತರ:

"ಅವರು ಬಂದಾಗ ಹಾಡೋಕಾಗ್ಬೇಕಲ್ಲಮ್ಮ."

ಗಿರಾಕಿ ವರ್ಷ ಬಿಟ್ಟು ಬಂದರೂ ಹೊಸದಾಗಿ ಅಳತೆ ತೆಗೆಯುವವನು ಇಲ್ಲಿ ಮಾತ್ರ ಹಳೇ ಚೀಟಿ ಹಿಡಿದು ಕೂತಿದ್ದಾನೆ ಎಂದು ಮೇಷ್ಟ್ರು ಕಾಲೆಳೆಯುತ್ತಿದ್ದರು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಶ್ರುತಿ ಇಳಿಸಿದರೆ ಅವಳು ಬರುವ ಬಾಗಿಲನ್ನು ತಾನೇ ಮುಚ್ಚಿದಂತೆ ಎಂದು ಅವನ ನಂಬಿಕೆ.

ಒಂದು ಭಾನುವಾರ ಅವಳು ನಿಜವಾಗಿಯೂ ಬಂದಳು. ಯಾವುದೋ ಸಂಬಂಧಿಕರ ಮನೆಗೆ ಬಂದವಳು ಹಾಗೇ ಇಣುಕಿದ್ದಳಂತೆ. ಕೂದಲು ಅರ್ಧ ಬೆಳ್ಳಗಾಗಿತ್ತು, ನಗು ಅದೇ. ಎಲ್ಲರೂ ಒತ್ತಾಯಿಸಿದರು. ಟೈಲರ್ ಬೆವರಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ತಂತಿ ಮೀಟಿದ. ಒಂಬತ್ತು ವರ್ಷ ಕಾದಿಟ್ಟ ಶ್ರುತಿ ಅದು.

ಎರಡನೇ ಸಾಲಿಗೇ ಅವಳ ದನಿ ಒಡೆಯಿತು. ಮತ್ತೊಮ್ಮೆ ಪ್ರಯತ್ನಿಸಿ, ಕೆಮ್ಮಿ, ನಕ್ಕಳು.

"ಇದು ನಂಗೀಗ ಎಟಕಲ್ಲ ಟೈಲರೇ. ಇಷ್ಟು ಮೇಲೆ ಯಾರಿಗೋಸ್ಕರ ಇಟ್ಟಿದ್ದೀರಿ?"

ಕಂಡಕ್ಟರ್ ತಲೆ ತಗ್ಗಿಸಿದಳು. ಮೇಷ್ಟ್ರು ಕನ್ನಡಕ ಒರೆಸತೊಡಗಿದರು. ಹೇಳುವುದಾದರೆ ಈಗಲೇ ಎಂದು ಟೈಲರನಿಗೂ ಗೊತ್ತಿತ್ತು.

"ಅಭ್ಯಾಸ," ಎಂದ.

ಇಳಿಸಿ ನುಡಿಸಿದರು. ಅವಳು ಚೆನ್ನಾಗಿಯೇ ಹಾಡಿದಳು, ಬಸ್ಸಿಗೆ ಹೊತ್ತಾಯಿತೆಂದು ಹೊರಟಳು. ಎರಡು ಮಾರು ದೂರದಲ್ಲಿ ನಿಂತು ಅವಳು ಹಾಡುತ್ತಿದ್ದಾಗಲೂ ಟೈಲರನಿಗೆ ಅವಳದೇ ನೆನಪು ಕಾಡಿತ್ತು. ಅವನು ಕಾದಿದ್ದ ದನಿ ಈಗ ಅವಳ ಬಳಿಯೂ ಇರಲಿಲ್ಲ.

ಅವಳು ಹೋದ ಮೇಲೆ ಟೈಲರ್ ಗಿಟಾರಿನಿಂದ ತಲೆಯೆತ್ತದೆ ಕಂಡಕ್ಟರಮ್ಮನನ್ನು ಕೇಳಿದ:

"ನಿಂಗೆ ಎಲ್ಲಿಗೆ ಇಳಿಸ್ಲಮ್ಮ?"